ಚೆಂದ ಮಾಡಿದ ಜಾಗ ಎರಡೇ ತಿಂಗಳಲ್ಲಿ ಯಾಕೆ ಹಾಳಾಗುತ್ತದೆ?

ಪ್ರಶ್ನೆ: ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಖಾಲಿ ಸೈಟು ಇದೆ. ಪಕ್ಕದಲ್ಲೇ ಉದ್ದದ ಗೋಡೆ. ವರ್ಷಗಳಿಂದ ಅಲ್ಲಿ ಕಸ ಮತ್ತು ಒಡೆದ ಕಟ್ಟಡದ ಇಟ್ಟಿಗೆ, ಗಾರೆ ಬೀಳುತ್ತಿದೆ. ಗೋಡೆ ತುಂಬ ಹರಿದ ಪೋಸ್ಟರು. ಹಿಂದೊಮ್ಮೆ ನಾವು ಇಪ್ಪತ್ತು ಜನ ಸೇರಿ ಒಂದೇ ದಿನದಲ್ಲಿ ಎಲ್ಲ ಕ್ಲೀನ್ ಮಾಡಿ, ಗೋಡೆಗೆ ಬಣ್ಣ ಹೊಡೆದು, ಗಿಡ ನೆಟ್ಟೆವು. ಎರಡು ತಿಂಗಳಲ್ಲಿ ಮೊದಲಿನ ಹಾಗೇ ಆಯಿತು. ಈಗ ಮತ್ತೆ ಮಾಡೋಣ ಅನ್ನುವವರು ಇದ್ದಾರೆ. ಇದು ನಮ್ಮ ಕೆಲಸವೇ ಅಲ್ಲ ಅನ್ನುವವರೂ ಇದ್ದಾರೆ. ಸೈಟು ಯಾರದು ಅಂತಲೂ ಗೊತ್ತಿಲ್ಲ. ಈ ಸಲ ಏನು ಬೇರೆ ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ವಿವರ ಬಿಟ್ಟುಹೋಗಿದೆ. ಆ ಇಪ್ಪತ್ತು ಜನರಲ್ಲಿ ಮುಂದಿನ ವಾರ ಅಲ್ಲಿಗೆ ಹೋದವರು ಎಷ್ಟು ಮಂದಿ? ಅದರ ಮುಂದಿನ ವಾರ? ತಪ್ಪು ಹುಡುಕಲು ಕೇಳುತ್ತಿಲ್ಲ. ಊರು ಚೆಂದ ಮಾಡಲು ಹೊರಟ ಹೆಚ್ಚಿನ ಗುಂಪುಗಳ ಕಥೆ ಇದೇ. ಮೊದಲ ದಿನ ಜನ ಬರುತ್ತಾರೆ, ಟೀ ಶರ್ಟು ಬರುತ್ತದೆ, ಫೋಟೋ ಆಗುತ್ತದೆ. ಹದಿನೈದನೇ ದಿನ ಗಿಡಕ್ಕೆ ನೀರು ಹಾಕಲು ಒಬ್ಬರೂ ಇರುವುದಿಲ್ಲ. ಹಾಗಾಗಿ ನನ್ನ ಸಲಹೆಯಲ್ಲಿ ಮುಕ್ಕಾಲು ಭಾಗ ಇಷ್ಟೇ: ಒಂದು ದಿನದಲ್ಲಿ ಎಷ್ಟು ಜಾಗ ಚೆಂದ ಮಾಡಬಹುದು ಎಂದು ಲೆಕ್ಕ ಹಾಕಬೇಡಿ. ನಾಲ್ಕೈದು ಜನ ಎರಡು ವರ್ಷ ಎಷ್ಟು ಜಾಗ ನೋಡಿಕೊಳ್ಳಬಹುದು ಎಂದು ಲೆಕ್ಕ ಹಾಕಿ. ಅಷ್ಟಕ್ಕೆ ಮಾತ್ರ ಕೈ ಹಾಕಿ. ಅದು ಸೈಟಿನ ಒಂದು ಮೂಲೆಯೇ ಆಗಿದ್ದರೂ ಪರವಾಗಿಲ್ಲ.

ಈ ಮಾತಿಗೆ ಆಧಾರ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪಾಳುಬಿದ್ದ ಸೈಟುಗಳು ಸಾವಿರಾರು. ಅಲ್ಲಿನ ಪೆನ್ಸಿಲ್ವೇನಿಯಾ ಹಾರ್ಟಿಕಲ್ಚರಲ್ ಸೊಸೈಟಿ ಇವಕ್ಕೆ ತೀರಾ ಸರಳವಾದ ವಿಧಾನ ಕಂಡುಕೊಂಡಿತು. ಕಸ ತೆಗೆಯುತ್ತಾರೆ. ನೆಲ ಮಟ್ಟ ಮಾಡುತ್ತಾರೆ. ಹುಲ್ಲು ಬಿತ್ತಿ, ಕೆಲವೇ ಮರ ನೆಡುತ್ತಾರೆ. ಸುತ್ತ ಮರದ ಗಿಡ್ಡ ಬೇಲಿ ಹಾಕಿ, ಜನ ಒಳಗೆ ಬರಲು ದಾರಿ ಬಿಡುತ್ತಾರೆ. ಆಮೇಲೆ ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ತಪ್ಪದೆ ಬಂದು ಕತ್ತರಿಸುತ್ತಾರೆ, ಬಿದ್ದ ಕಸ ಎತ್ತುತ್ತಾರೆ. ಕಾರಂಜಿ ಇಲ್ಲ, ಪ್ರತಿಮೆ ಇಲ್ಲ, ಬಣ್ಣದ ಟೈರೂ ಇಲ್ಲ.

ಇದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ಹೊಸ ಔಷಧಿಯನ್ನು ಪರೀಕ್ಷೆ ಮಾಡುವ ಕ್ರಮದಲ್ಲೇ ಸಂಶೋಧಕರು ಇದನ್ನು ನೋಡಿದರು. 541 ಸೈಟುಗಳನ್ನು ಆಯ್ದು, ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿಗೆ ಹುಲ್ಲು, ಮರ, ಬೇಲಿ ಎಲ್ಲ. ಎರಡನೆಯದಕ್ಕೆ ಕಸ ತೆಗೆದು ಚೊಕ್ಕಟ ಮಾಡುವುದು ಮಾತ್ರ. ಮೂರನೆಯದನ್ನು ಇದ್ದ ಹಾಗೇ ಬಿಟ್ಟರು. ಫಲಿತಾಂಶ 2018ರಲ್ಲಿ ಹೊರಬಂತು. ಬಡತನ ಜಾಸ್ತಿ ಇರುವ ಬಡಾವಣೆಗಳಲ್ಲಿ, ಸರಿಪಡಿಸಿದ ಸೈಟುಗಳ ಸುತ್ತಮುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ತಗ್ಗಿತ್ತು. ಹಸಿರು ಮಾಡಿದ ಸೈಟುಗಳ ಹತ್ತಿರ ಇರುವವರಲ್ಲಿ, ಮನಸ್ಸು ಕುಗ್ಗಿದೆ ಎಂದು ಹೇಳಿಕೊಳ್ಳುವುದು ಶೇ. 41.5ರಷ್ಟು ಇಳಿದಿತ್ತು. ಇದು ಏನೂ ಮಾಡದ ಸೈಟುಗಳ ಹತ್ತಿರದವರಿಗೆ ಹೋಲಿಸಿದ ಲೆಕ್ಕ. ಬರೀ ಕಸ ತೆಗೆದ ಕಡೆ, ಮನಸ್ಸಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ಗಿಡ್ಡ ಬೇಲಿ. ಅದನ್ನು ಮಗು ಕೂಡ ದಾಟುತ್ತದೆ. ಕಳ್ಳರನ್ನು ತಡೆಯಲು ಹಾಕಿದ್ದೇ ಅಲ್ಲ. ಈ ಜಾಗಕ್ಕೆ ದಿಕ್ಕಿದೆ, ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳುವುದೇ ಅದರ ಕೆಲಸ. ಜೋನ್ ನಸ್ಸಾವರ್ ಎಂಬ ಭೂದೃಶ್ಯ ತಜ್ಞೆ 1995ರಲ್ಲೇ ಇದನ್ನು ವಿವರಿಸಿದ್ದರು. ಒಳಗೆ ಗಿಡಗಂಟಿ ಎಷ್ಟೇ ಒರಟಾಗಿ ಬೆಳೆದಿರಲಿ, ಅಂಚು ನೀಟಾಗಿದ್ದರೆ ಜನ ಅದನ್ನು ತೋಟ ಅನ್ನುತ್ತಾರೆ. ಅಂಚು ಹಾಳಾಗಿದ್ದರೆ ಒಳ್ಳೆಯ ಗಿಡಗಳನ್ನೂ ಪೊದೆ ಅನ್ನುತ್ತಾರೆ. ಆದ್ದರಿಂದ ನಿಮ್ಮ ಶ್ರಮ ಕಡಿಮೆ ಇದ್ದರೆ ಅಂಚಿಗೆ ಹಾಕಿ. ರಸ್ತೆ ಬದಿಯ ಎರಡಡಿ ಪಟ್ಟಿಯನ್ನು ಸದಾ ಚೊಕ್ಕಟವಾಗಿ ಇಡಿ. ಹಿಂದಿನ ಭಾಗ ಆರು ತಿಂಗಳು ಕಾದರೂ ನಡೆಯುತ್ತದೆ.

ಗಲೀಜು ಇದ್ದಲ್ಲಿ ಗಲೀಜು ಸೇರುತ್ತದೆ ಎನ್ನುವುದು ಬರೀ ಹಿರಿಯರ ಮಾತಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ಊರಲ್ಲಿ ಇದನ್ನೇ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಸೈಕಲ್ ನಿಲ್ಲಿಸುವ ಓಣಿ ಅದು. ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದೊಂದು ಜಾಹೀರಾತು ಚೀಟಿ ಸಿಕ್ಕಿಸಿದರು. ಹತ್ತಿರ ಕಸದ ಡಬ್ಬಿ ಇರಲಿಲ್ಲ. ಗೋಡೆ ಚೊಕ್ಕಟವಾಗಿದ್ದಾಗ ಶೇ. 33 ಜನ ಚೀಟಿಯನ್ನು ನೆಲಕ್ಕೆ ಎಸೆದರು. ಅದೇ ಗೋಡೆಯ ಮೇಲೆ ಗೀಚಿದ ಮೇಲೆ ಎಸೆದವರು ಶೇ. 69. ಇನ್ನೊಂದು ಪ್ರಯೋಗದಲ್ಲಿ ಅಂಚೆಪೆಟ್ಟಿಗೆಯಿಂದ ಅರ್ಧ ಹೊರಗೆ ಬಂದ ಲಕೋಟೆ, ಅದರಲ್ಲಿ 5 ಯೂರೋ ನೋಟು ಕಾಣುವ ಹಾಗೆ ಇಟ್ಟಿದ್ದರು. ಪೆಟ್ಟಿಗೆ ಚೊಕ್ಕಟವಾಗಿದ್ದಾಗ ಕದ್ದವರು ಶೇ. 13. ಸುತ್ತ ಕಸ ಚೆಲ್ಲಿದ್ದಾಗ ಶೇ. 25. ಓಡಾಡುವ ಜನ ಅದೇ ಥರದವರು, ಬದಲಾದದ್ದು ಸುತ್ತಲಿನ ನೋಟ ಮಾತ್ರ. ನಿಮ್ಮ ತಿರುವಿನಲ್ಲೂ ಮೊದಲ ಕಸದ ಚೀಲವನ್ನು ಅದೇ ದಿನ ಎತ್ತಿದರೆ ಎರಡನೆಯದು ಬರುವ ಸಾಧ್ಯತೆ ಕಡಿಮೆ. ವಾರ ಬಿಟ್ಟರೆ ಹತ್ತು ಬಂದಿರುತ್ತವೆ.

ಸರಿ, ಶುರು ಎಲ್ಲಿಂದ? ಗುದ್ದಲಿ, ಬಾಂಡ್ಲಿ ಹಿಡಿಯುವ ಮೊದಲು ಎರಡು ವಾರ ಸುಮ್ನೆ ನೋಡಿ. ಬೆಳಿಗ್ಗೆ ಬೇಗ, ರಾತ್ರಿ ತಡವಾಗಿ, ರಜಾ ದಿನ. ಕಸ ಹಾಕುವವರು ಯಾರು, ಯಾವ ಹೊತ್ತಿಗೆ, ಯಾಕೆ? ಇದಕ್ಕೆ ಉತ್ತರ ಸಾಮಾನ್ಯವಾಗಿ ನೀವು ಅಂದುಕೊಂಡದ್ದಲ್ಲ. ಕಸದ ಗಾಡಿ ಬರುವ ಹೊತ್ತಿಗೆ ಕೆಲಸಕ್ಕೆ ಹೋಗಿರುವ ಮನೆಗಳು ಇರುತ್ತವೆ. ಕಟ್ಟಡದ ಕಸ ಸಾಗಿಸಲು ದುಡ್ಡು ಉಳಿಸುವ ಗುತ್ತಿಗೆದಾರ ಇರುತ್ತಾನೆ. ಇಬ್ಬರಿಗೂ ಒಂದೇ ಮದ್ದು ಆಗುವುದಿಲ್ಲ. ಮೊದಲನೆಯವರಿಗೆ ಗಾಡಿಯ ಸಮಯ ಬದಲಾಗಬೇಕು, ಇಲ್ಲ ಒಂದು ಡಬ್ಬಿ ಬೇಕು. ಎರಡನೆಯವನಿಗೆ ಗಾಡಿ ಹಿಂದಕ್ಕೆ ತೆಗೆಯಲು ಆಗದ ಹಾಗೆ ಅಂಚಿನಲ್ಲಿ ದಪ್ಪ ಕಲ್ಲುಗಳು ಬೇಕು, ಮೇಲೆ ಒಂದು ದೀಪ ಬೇಕು. ಕಸ ಬೀಳುವ ಜಾಗಗಳನ್ನು ಗಮನಿಸಿ ನೋಡಿ. ಕತ್ತಲು, ಎದುರಿಗೆ ಕಿಟಕಿ ಇಲ್ಲ, ಗಾಡಿ ನಿಲ್ಲಿಸಲು ಜಾಗ. ಹೆಚ್ಚಾಗಿ ಈ ಮೂರೂ ಸೇರಿರುತ್ತವೆ. ಅಲ್ಲಿ ದಿನಾ ಗುಡಿಸುವ ಪೌರಕಾರ್ಮಿಕರನ್ನು ಮಾತಾಡಿಸಿ. ನಿಮಗೆ ಎರಡು ವಾರದಲ್ಲಿ ಗೊತ್ತಾಗುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಅವರನ್ನು ಕೇಳುವವರೇ ಇಲ್ಲ, ಅಷ್ಟೇ.

ಒಂದು ದಿನದ ಅಭಿಯಾನ ದಂಡ ಎಂದು ನಾನು ಹೇಳುತ್ತಿಲ್ಲ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಸೇರಿ, ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಜಗತ್ತಿಗೆಲ್ಲ ಕಂಡದ್ದು ಆ ಒಂದು ದಿನ. ಆದರೆ ಅದಕ್ಕೂ ಮೊದಲು ಸ್ವಯಂಸೇವಕರು ದೇಶವೆಲ್ಲ ಸುತ್ತಿ, ಕಸ ಬಿದ್ದ ಸಾವಿರಾರು ಜಾಗಗಳನ್ನು ಗುರುತಿಸಿ ನಕ್ಷೆ ಮಾಡಿದ್ದರು. ಎತ್ತಿದ ಕಸ ಎಲ್ಲಿಗೆ ಹೋಗಬೇಕು ಎಂದೂ ಮೊದಲೇ ಯೋಚಿಸಿದ್ದರು.

ಇದು ಸಣ್ಣ ವಿಷಯ ಅನಿಸಬಹುದು, ಅಲ್ಲ. ಎತ್ತಿದ ರಾಶಿಯನ್ನು ಸಾಗಿಸುವವರು ಯಾರು ಎಂದು ನಿಗದಿ ಆಗದೆ ಕೆಲಸ ಶುರು ಮಾಡಲೇಬೇಡಿ. ಮುಂಬೈಯ ವರ್ಸೋವಾ ಕಡಲತೀರವನ್ನು ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ಒಬ್ಬ ವೃದ್ಧ ನೆರೆಯವರ ಜೊತೆ ಸೇರಿ ಕ್ಲೀನ್ ಮಾಡತೊಡಗಿದರು. ವಾರ ವಾರ ಹೋದರು. ಜನ ಸೇರುತ್ತಾ ಹೋದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಅಷ್ಟು ಹೆಸರಾದ ಅಭಿಯಾನವೇ 2017ರ ನವೆಂಬರಿನಲ್ಲಿ ಸ್ವಲ್ಪ ಕಾಲ ನಿಂತಿತು. ಒಂದು ಕಾರಣ ಕೆಲವರ ಕಿರುಕುಳ. ಇನ್ನೊಂದು, ಕೂಡಿಸಿಟ್ಟ ಕಸವನ್ನು ಸಮಯಕ್ಕೆ ಸರಿಯಾಗಿ ಸಾಗಿಸದೇ ಇದ್ದದ್ದು. ಆಮೇಲೆ ಮತ್ತೆ ಶುರುವಾಯಿತು. ವಾರ ವಾರ ಹೋಗುವವರಿಗೇ ಹೀಗಾದರೆ ಒಂದು ದಿನದ ಗುಂಪಿನ ಪಾಡು ಕೇಳಬೇಕೇ?

ಈಗ ಸೈಟಿನ ಮಾಲೀಕರ ವಿಷಯ. ಭೂ ದಾಖಲೆ ಇರುವ ಕಚೇರಿಯಲ್ಲಿ ವಿಚಾರಿಸಿ, ಹಳೆಯ ನೆರೆಯವರನ್ನು ಕೇಳಿ, ಹೆಸರು ಪತ್ತೆ ಮಾಡಿ. ಮಾಲೀಕರಿಗೆ ಕಸದ ಚಿಂತೆ ಕಮ್ಮಿ. ಚೆಂದ ಮಾಡಿದವರು ನಾಳೆ ಜಾಗ ನಮ್ಮದೇ ಅಂದರೆ ಏನು ಮಾಡುವುದು ಎನ್ನುವ ಹೆದರಿಕೆ ಜಾಸ್ತಿ. ಆ ಹೆದರಿಕೆಯನ್ನು ನೀವೇ ಮೊದಲು ತೆಗೆಯಿರಿ. ಒಂದು ಪುಟದ ಒಪ್ಪಂದ ಸಾಕು. ಜಾಗ ಅವರದೇ, ಯಾವಾಗ ಕೇಳಿದರೂ ಬಿಟ್ಟುಕೊಡುತ್ತೇವೆ, ಶಾಶ್ವತ ಕಟ್ಟಡ ಏನೂ ಕಟ್ಟುವುದಿಲ್ಲ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು, ಇಷ್ಟು ಬರೆಯಿರಿ. ಕೊನೆಯದನ್ನು ಒಬ್ಬ ವಕೀಲರಿಗೆ ತೋರಿಸುವುದು ಒಳ್ಳೆಯದು. ಮಾಲೀಕರು ಸಿಗಲೇ ಇಲ್ಲವೇ? ಬೇಲಿ ದಾಟಿ ಒಳಗೆ ಹೋಗಬೇಡಿ. ರಸ್ತೆಗೆ ಸೇರಿದ ಅಂಚಿನ ಪಟ್ಟಿಗೆ ಸ್ಥಳೀಯ ಆಡಳಿತದ ಅನುಮತಿ ಕೇಳಿ. ಅಷ್ಟರಲ್ಲೇ ಬೇಕಾದಷ್ಟು ಕೆಲಸ ಇದೆ.

ಅನುಮತಿ ಕಾಯುತ್ತಾ ಕೂತರೆ ಏನೂ ಆಗಲ್ಲ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಅವರು ನ್ಯೂಯಾರ್ಕಿನ ಲಿಜ್ ಕ್ರಿಸ್ಟಿಯ ಉದಾಹರಣೆಯನ್ನೂ ಕೊಡಬಹುದು. ಆಕೆ ಮತ್ತು ಗೆಳೆಯರು 1973ರಲ್ಲಿ ಬೋವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಸೇರುವ ಮೂಲೆಯ ಪಾಳು ಸೈಟಿಗೆ ನುಗ್ಗಿ ತೋಟ ಮಾಡಿದರು. ‘ಗ್ರೀನ್ ಗೆರಿಲ್ಲಾಸ್’ ಎಂದು ಹೆಸರಿಟ್ಟುಕೊಂಡರು. ಬೇಲಿಯೊಳಗೆ ಬೀಜದುಂಡೆ ಎಸೆಯುವುದೂ ಅವರ ಕೆಲಸವೇ. ಕಥೆ ಚೆನ್ನಾಗಿದೆ. ಆದರೆ ಅದರ ಎರಡನೇ ಅರ್ಧವನ್ನು ಜನ ಹೇಳುವುದಿಲ್ಲ. 1974ರಲ್ಲೇ ಅವರು ನಗರಾಡಳಿತದಿಂದ ಆ ಜಾಗವನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಪಡೆದರು. ಕಾಗದ ಮಾಡಿಸಿಕೊಂಡರು. ಆ ತೋಟ ಇಂದಿಗೂ ಇದೆ. ಮುಂದೆ ಅದೇ ನಗರದಲ್ಲಿ ಇಂಥ ತೋಟಗಳು ನೂರಾರಾದವು. 1999ರಲ್ಲಿ ನಗರಾಡಳಿತ ಅವುಗಳಲ್ಲಿ ನೂರಕ್ಕೂ ಹೆಚ್ಚನ್ನು ಹರಾಜಿಗೆ ಇಟ್ಟಿತು. ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಕೊಂಡದ್ದರಿಂದ ಉಳಿದವು. ಜನ ಎಷ್ಟು ವರ್ಷ ಬೆವರು ಸುರಿಸಿದ್ದರೂ ಕಾಗದದಲ್ಲಿ ಜಾಗ ಅವರದಾಗಿರಲಿಲ್ಲ.

ಕೆಲಸದ ದಿನದ ಸುರಕ್ಷತೆ ಬಗ್ಗೆ ಚಿಕ್ಕದಾಗಿ. ತೆಳು ರಬ್ಬರ್ ಕೈಗವಸು ಬೇಡ, ದಪ್ಪನೆಯವು ಬೇಕು. ಚಪ್ಪಲಿ ಹಾಕಿ ಬಂದವರನ್ನು ವಾಪಸ್ ಕಳಿಸಿ. ಸೂಜಿ, ಗಾಜು ಇದ್ದರೆ ಇಕ್ಕಳದಿಂದಲೇ ಎತ್ತಿ, ಗಟ್ಟಿ ಡಬ್ಬಿಗೆ ಹಾಕಿ. ಹಳೆಯ ಆಸ್ಬೆಸ್ಟಾಸ್ ಶೀಟಿನ ತುಂಡುಗಳು ಕಂಡರೆ ಒಡೆಯಬೇಡಿ, ಎಳೆದಾಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅದನ್ನು ತೆಗೆಯುವ ತರಬೇತಿ ಇದ್ದವರೇ ಬರಲಿ. ಮಕ್ಕಳನ್ನು ಮೊದಲ ದಿನ ಕರೆತರಬೇಡಿ, ಗಿಡ ನೆಡುವ ದಿನ ಬರಲಿ.

ಮಣ್ಣಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ನಗರದ ಖಾಲಿ ಸೈಟಿನಲ್ಲಿ ಇರುವುದು ಮಣ್ಣಲ್ಲ, ಹೆಚ್ಚಿನ ಕಡೆ ಸಿಮೆಂಟು, ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು. ಹಳೆಯ ಕಟ್ಟಡ ಒಡೆದ ಜಾಗವಾದರೆ ಹಳೆಯ ಬಣ್ಣದ ಸೀಸ ಬೆರೆತಿರಬಹುದು. ದೊಡ್ಡ ರಸ್ತೆ ಪಕ್ಕವಾದರೆ ಹಿಂದೆ ಪೆಟ್ರೋಲಿನಲ್ಲಿ ಇದ್ದ ಸೀಸವೂ ಇರಬಹುದು. ಸೀಸ ಕೊಳೆತು ಕರಗುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ ಅದು ಕೆಟ್ಟದ್ದು. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸದೆ ತರಕಾರಿ, ಸೊಪ್ಪು ಬೆಳೆಯಬೇಡಿ. ಬೆಳೆಯಲೇಬೇಕು ಅಂದರೆ ಕಟ್ಟೆ ಕಟ್ಟಿ, ತಳಕ್ಕೆ ದಪ್ಪ ಬಟ್ಟೆ ಹಾಸಿ, ಹೊರಗಿನ ಒಳ್ಳೆಯ ಮಣ್ಣು ತುಂಬಿ. ಬರೀ ಹೂವಿನ ಗಿಡ, ನೆರಳಿನ ಮರ ಆದರೂ ಬರಿಯ ನೆಲ ಕಾಣದ ಹಾಗೆ ಹುಲ್ಲು ಅಥವಾ ಒಣ ಎಲೆ ಹೊದಿಸಿ. ಧೂಳು ಏಳದಿದ್ದರೆ ಅರ್ಧ ಅಪಾಯ ಕಡಿಮೆ.

ಗಿಡ ನೆಡುವಾಗ ನಾನು ಕೇಳುವ ಮೊದಲ ಪ್ರಶ್ನೆ ಯಾವ ಗಿಡ ಅಂತ ಅಲ್ಲ, ನೀರು ಎಲ್ಲಿಂದ ಅಂತ. ಹತ್ತಿರದ ಒಂದು ಮನೆಯವರು ನಲ್ಲಿ ಕೊಡಲು ಒಪ್ಪಿದ್ದಾರೆಯೇ? ಪೈಪು ಅಲ್ಲಿವರೆಗೆ ಮುಟ್ಟುತ್ತದೆಯೇ? ಇಲ್ಲ ಅಂದರೆ ಮಳೆಗಾಲ ಶುರುವಾಗುವವರೆಗೆ ಕಾಯಿರಿ. ನೂರು ಸಸಿ ನೆಟ್ಟು ತೊಂಬತ್ತು ಒಣಗಿಸುವುದಕ್ಕಿಂತ ಆರು ನೆಟ್ಟು ಆರನ್ನೂ ಉಳಿಸಿಕೊಳ್ಳಿ. ಮೊದಲ ಎರಡು ಬೇಸಿಗೆ ದಾಟಿದರೆ ಮರ ತನ್ನ ಕಾಲ ಮೇಲೆ ನಿಲ್ಲುತ್ತದೆ. ಆ ನೆಲಕ್ಕೆ, ಹವೆಗೆ ಒಗ್ಗಿದ ಜಾತಿಯನ್ನೇ ಆರಿಸಿ. ಮೇಲೆ ಕರೆಂಟ್ ತಂತಿ ಇದೆಯಾ, ಕೆಳಗೆ ನೀರಿನ ಪೈಪು ಇದೆಯಾ ನೋಡಿ. ಬುಡದ ಸುತ್ತ ಒಣ ಎಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ತೊಗಟೆ ಕೊಳೆಯುತ್ತದೆ. ಚೆಂದ ಕಾಣಲಿ ಎಂದು ಬುಡದವರೆಗೆ ಸಿಮೆಂಟು ಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮರಕ್ಕೆ ನೀರು ಮತ್ತು ಗಾಳಿ ಹೋಗುವ ದಾರಿಯೇ ಅದು. ಜನ ಈಗಾಗಲೇ ಸೈಟಿನ ಮಧ್ಯೆ ಅಡ್ಡದಾರಿ ಮಾಡಿಕೊಂಡಿದ್ದರೆ ಅದನ್ನು ಮುಚ್ಚಬೇಡಿ. ಅದಕ್ಕೇ ಕಲ್ಲು ಹಾಸಿ, ಎರಡೂ ಬದಿ ಗಿಡ ನೆಡಿ. ಮುಚ್ಚಿದರೆ ಗಿಡ ತುಳಿದು ಹೋಗುತ್ತಾರೆ.

ಗೋಡೆಗೆ ಬನ್ನಿ. ಬಣ್ಣ ಕಿತ್ತು ಬಂದದ್ದಕ್ಕೆ ಹೆಚ್ಚಾಗಿ ಕಾರಣ ಬಣ್ಣ ಅಲ್ಲ, ತೇವ. ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆಯಾ, ಮೇಲಿನ ಪೈಪು ಸೋರುತ್ತದೆಯಾ, ಬಿಳಿ ಉಪ್ಪು ಎದ್ದಿದೆಯಾ ನೋಡಿ. ಅದು ಸರಿಯಾಗದೆ ಎಷ್ಟು ಕೋಟ್ ಹೊಡೆದರೂ ಪದರ ಪದರವಾಗಿ ಉದುರುತ್ತದೆ. ಪೋಸ್ಟರಿನ ಅಂಟು ಪೂರ್ತಿ ಉಜ್ಜಿ ತೆಗೆದು, ಒಣಗಲು ಬಿಟ್ಟು, ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಕೆಸರು ಸಿಡಿಯುವ ಕೆಳಗಿನ ಎರಡು ಮೂರಡಿಗೆ ಗಾಢ ಬಣ್ಣ. ಹಳೆಯ ಕಲ್ಲಿನ ಅಥವಾ ಗಾರೆಯ ಗೋಡೆಯಾದರೆ ಪ್ಲಾಸ್ಟಿಕ್ ಬಣ್ಣ ಬೇಡವೇ ಬೇಡ. ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆಯೇ ಹಾಳಾಗುತ್ತದೆ. ಚಿತ್ರ ಬರೆಸುವುದಾದರೆ ಆ ಗೋಡೆ ಎದುರು ದಿನಾ ನಿಲ್ಲುವವರನ್ನು ಕೇಳಿ ಬರೆಸಿ. ಮೂಲೆಯ ಅಂಗಡಿಯವರು, ಶಾಲೆ ಮಕ್ಕಳು. ತಮ್ಮ ಕೈಯಾಡಿದ ಗೋಡೆಯ ಮೇಲೆ ಪೋಸ್ಟರು ಅಂಟಿಸಲು ಅವರು ಸುಲಭಕ್ಕೆ ಬಿಡುವುದಿಲ್ಲ.

ಬೋರ್ಡು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ‘ಎಲ್ಲರೂ ಇಲ್ಲೇ ಕಸ ಹಾಕಿ ಊರು ಹಾಳಾಗುತ್ತಿದೆ’ ಎಂದು ಮಾತ್ರ ಬರೆಯಬೇಡಿ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನ ಇದೆ. ಜನ ಅಲ್ಲಿನ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಮನಃಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಜೊತೆಗಾರರು ಅಲ್ಲಿ ಎರಡು ಥರದ ಬೋರ್ಡು ಹಾಕಿ ನೋಡಿದರು. ‘ತುಂಬಾ ಜನ ತೆಗೆದುಕೊಂಡು ಹೋಗಿ ಕಾಡು ಬದಲಾಗಿದೆ’ ಎಂಬ ಬೋರ್ಡು ಇದ್ದಲ್ಲಿ, ಅವರೇ ಇಟ್ಟ ಚೂರುಗಳಲ್ಲಿ ಸುಮಾರು ಶೇ. 8 ಕಾಣೆಯಾದವು. ‘ದಯವಿಟ್ಟು ತೆಗೆಯಬೇಡಿ’ ಎಂದಷ್ಟೇ ಇದ್ದಲ್ಲಿ ಶೇ. 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಾರೆ ಅಂದರೆ ನಾನೂ ಮಾಡಬಹುದು ಅನಿಸುತ್ತದೆ, ಅಲ್ವಾ? ನಿಮ್ಮ ಬೋರ್ಡಿನಲ್ಲಿ ‘ಈ ಜಾಗವನ್ನು ಪಕ್ಕದ ಬೀದಿಯವರು ಪ್ರತಿ ಭಾನುವಾರ ನೋಡಿಕೊಳ್ಳುತ್ತಾರೆ’ ಎಂದು ಬರೆಯಿರಿ. ಭಾನುವಾರ ಹೋಗುವುದನ್ನು ಮಾತ್ರ ತಪ್ಪಿಸಬೇಡಿ.

ಜಾಗ ನಿಜವಾಗಿ ಖಾಲಿಯೇ ಎಂದೂ ಕೇಳಿಕೊಳ್ಳಿ. ನಿಮಗೆ ಪಾಳು ಕಂಡದ್ದು ಒಬ್ಬರಿಗೆ ತಳ್ಳುಗಾಡಿ ನಿಲ್ಲಿಸುವ ಜಾಗ, ಇನ್ನೊಬ್ಬರಿಗೆ ಮಧ್ಯಾಹ್ನ ಮಲಗುವ ನೆರಳು, ಮಕ್ಕಳಿಗೆ ಆಟದ ಮೈದಾನ. ಇವರನ್ನು ಓಡಿಸಿ ಹೂವಿನ ಗಿಡ ನೆಟ್ಟರೆ ಅದನ್ನು ಸುಂದರ ಅನ್ನಲು ನನಗೆ ಬಾಯಿ ಬರುವುದಿಲ್ಲ. ಲಾಭದ ಲೆಕ್ಕದಲ್ಲೂ ಅದು ತಪ್ಪು. ಹಗಲೆಲ್ಲ ಅಲ್ಲೇ ಇರುವವರು ಅವರು. ಅವರಿಗಿಂತ ಒಳ್ಳೆಯ ಕಾವಲು ನಿಮಗೆ ಸಿಗುವುದಿಲ್ಲ. ಇನ್ನು ಕೆಲಸ ತುಂಬಾ ಯಶಸ್ವಿಯಾದರೂ ಒಂದು ತೊಂದರೆ ಇದೆ. ನ್ಯೂಯಾರ್ಕಿನ ಹೈಲೈನ್ ಎಂಬ ಹಳೆಯ ರೈಲು ಸೇತುವೆಯನ್ನು ಉಳಿಸಲು 1999ರಲ್ಲಿ ಇಬ್ಬರು ನಿವಾಸಿಗಳು ಗುಂಪು ಕಟ್ಟಿದರು. 2009ರಲ್ಲಿ ಅದು ಉದ್ಯಾನವಾಗಿ ತೆರೆಯಿತು. ಸುತ್ತಲಿನ ಜಾಗದ ಬೆಲೆ ಏರುತ್ತಾ ಹೋಯಿತು. ನಿಮ್ಮ ಮೂಲೆ ಅಷ್ಟು ದೊಡ್ಡದಾಗುವುದಿಲ್ಲ. ಆದರೂ ಆ ಬೀದಿಯಲ್ಲಿ ಬಾಡಿಗೆಗೆ ಇರುವವರು ನಿಮ್ಮ ಗುಂಪಿನಲ್ಲಿ ಇರಲಿ.

ಕೊನೆಗೆ, ಇದು ನಮ್ಮ ಕೆಲಸವೇ ಅಲ್ಲ ಅನ್ನುವವರು. ಅವರು ಹೇಳುವುದರಲ್ಲಿ ನ್ಯಾಯ ಇದೆ. ತೆರಿಗೆ ಕಟ್ಟಿದ ಮೇಲೆ ಕಸ ಸಾಗಿಸುವುದು, ದೀಪ ಹಾಕುವುದು, ಚರಂಡಿ ಸರಿ ಮಾಡುವುದು ಆಡಳಿತದ ಕೆಲಸ. ನೀವು ಅದನ್ನು ಮಾಡತೊಡಗಿದರೆ ಅವರು ಕೈ ತೊಳೆದುಕೊಳ್ಳುತ್ತಾರೆ. ಆಡಳಿತದಿಂದ ಆಗದ್ದು ಬೇರೆ ಇದೆ. ದಿನಾ ಕಣ್ಣಿಡುವುದು, ನೆರೆಯವರನ್ನು ಮಾತಾಡಿಸುವುದು, ಒಣಗುತ್ತಿರುವ ಗಿಡವನ್ನು ಗಮನಿಸುವುದು. ಅದು ನಿಮ್ಮ ಪಾಲು. ಆದ್ದರಿಂದ ಆ ಗೆಳೆಯರನ್ನು ಗುದ್ದಲಿ ಹಿಡಿಯಲು ಕರೆಯಬೇಡಿ. ಪತ್ರ ಬರೆಯುವ ಕೆಲಸ ಕೊಡಿ. ದೀಪಕ್ಕೆ ಒಂದು ಅರ್ಜಿ, ಕಸದ ಗಾಡಿಯ ಸಮಯಕ್ಕೆ ಒಂದು, ಚರಂಡಿಗೆ ಒಂದು. ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಮೂರೂ ಕಚೇರಿಯವರು ಇದು ನಮ್ಮದಲ್ಲ ಅನ್ನುತ್ತಾರೆ. ಪ್ರತಿಯೊಂದಕ್ಕೂ ತಾರೀಕು ಇರುವ ಫೋಟೋ ಲಗತ್ತಿಸಲಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಲಿ, ತಿಂಗಳಿಗೊಮ್ಮೆ ಹೋಗಿ ಎಲ್ಲಿಗೆ ಬಂತು ಎಂದು ಕೇಳಲಿ. ಬೈಯುವ ಹುಮ್ಮಸ್ಸು ಅವರಿಗೆ ಹೇಗೂ ಇದೆ, ಈ ಕೆಲಸಕ್ಕೆ ಅದೇ ಬೇಕಾಗಿರುವುದು.